ಮನೆಯನ್ನು ಮನೆಯಾಗಿಯೇ ಮಾರಿದ ದೊಡ್ಡಬಸಮ್ಮ

ದೊಡ್ಡಬಸಮ್ಮನವರಿಗೆ ಕುಳಿತು ಮಾತನಾಡಲು ಬರುತ್ತಿರಲಿಲ್ಲ. ಸಾವಿನ ಮನೆಗೆ ಹೋದರೂ ನಿಂತೇ ಸಮಾಧಾನ ಹೇಳುವರು, ಮದುವೆ ಮನೆಗೆ ಹೋದರೂ ನಿಂತೇ ತಾಂಬೂಲ ತೆಗೆದುಕೊಳ್ಳುವರು, ಕಚೇರಿಯ ಗುಮಾಸ್ತ ಕುರ್ಚಿ ತೋರಿಸಿದರೆ ಆ ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ, ಅದರ ಕಾಲೊಂದು ಅಲ್ಲಾಡುತ್ತಿದೆಯೆಂದು ಅವನಿಗೇ ತಿಳಿಸಿ, ತಮ್ಮ ಕೆಲಸವನ್ನು ನಿಂತ ನಿಲುವಿನಲ್ಲೇ ಮುಗಿಸಿಕೊಂಡು ಬರುವರು. ಎತ್ತರದ ಮೈಕಟ್ಟು, ಹಣೆಯ ತುಂಬ ವಿಭೂತಿ, ಸದಾ ಸೊಂಟದ ಮೇಲಿರುವ ಎಡಗೈ. ಎದುರಿನವನು ಎಷ್ಟೇ ಘನವಾದ ವಾದ ಹೂಡಲಿ, ಅದನ್ನು ಕೊನೆಯ ತನಕ ಕೇಳಿಸಿಕೊಂಡು, "ಆಯ್ತು. ಆಮೇಲ?" ಎಂದು ಒಂದೇ ಪ್ರಶ್ನೆ ಹಾಕುವರು. ಆ ಪ್ರಶ್ನೆಯ ಮುಂದೆ ನೆಟ್ಟಗೆ ನಿಲ್ಲಬಲ್ಲ ವಾದವನ್ನು ನಾನು ಕೊಳ್ಳೇಗಾಲದಲ್ಲಿ ಕಾಣಲಿಲ್ಲ. ನನ್ನವೂ ಹಲವು ಅಲ್ಲಿ ನೆಲಕಚ್ಚಿವೆ.

ನಾನು ಆ ಊರಿನ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಹೋದದ್ದು ಕೊಳ್ಳೇಗಾಲ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ. ಬಾಡಿಗೆಗೆ ಸಿಕ್ಕ ಕೋಣೆಯ ಎದುರಿಗೇ ಅವರ ತೊಟ್ಟಿ ಮನೆ. ಅವರ ಯಜಮಾನರು ಶಿವರುದ್ರಸ್ವಾಮಿ ರೇಷ್ಮೆ ಸೀರೆಯ ವ್ಯಾಪಾರದಲ್ಲಿದ್ದವರು. ಅಗ್ಗದ ಮಾತಿಲ್ಲ, ಎತ್ತರದ ದನಿಯಿಲ್ಲ. ಒಂದೊಂದು ಕಂಬವನ್ನೂ ತಾವೇ ನಿಂತು ಕೆತ್ತಿಸಿ ಕಟ್ಟಿಸಿದ ಮನೆ ಅದು. ನಾನು ಹೋದ ಕೆಲವು ವರ್ಷಕ್ಕೆ, ವಿಷಮಶೀತ ಜ್ವರ ಬಂದು, ಅದೇ ಮನೆಯ ಪಡುವಣ ಕೋಣೆಯಲ್ಲಿ ಆ ಸಜ್ಜನರು ತೀರಿಕೊಂಡರು. ಪಂಚಾಂಗ ಬಿಚ್ಚಿದವರು ಪ್ರಾಣ ಹೋದ ನಕ್ಷತ್ರ ಒಳ್ಳೆಯದಲ್ಲವೆಂದರು. ಆರು ತಿಂಗಳು ಮನೆ ಬಿಡಬೇಕೆಂದರು. ದುಃಖದಲ್ಲಿದ್ದ ಹೆಂಗಸು ಒಪ್ಪಿಕೊಂಡರು. ಬಾಗಿಲಿಗೆ ಬೀಗ ಬಿತ್ತು, ಬೀಗದ ಮೇಲೆ ಅಡ್ಡವಾಗಿ ಜಾಲಿಯ ಮುಳ್ಳು ಬಿತ್ತು, ದೊಡ್ಡಬಸಮ್ಮನವರು ತವರೂರಾದ ಅಜ್ಜೀಪುರಕ್ಕೆ ಹೋದರು.

ಆರು ತಿಂಗಳಿಗೆ ಮುಳ್ಳು ತೆಗೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಯಜಮಾನರ ತಮ್ಮ ಗುರುಮಲ್ಲಪ್ಪ, ಯಳಂದೂರು ಕಡೆಯ ಬೆಲ್ಲ ತಂದು ಮಾರುತ್ತಿದ್ದ ವ್ಯಾಪಾರಿ, ಪ್ರತಿಸಲವೂ ಒಂದು ಕಾರಣ ಹುಡುಕಿ ಹೇಳಿಕಳಿಸುತ್ತಿದ್ದ: ಈಗ ಆಷಾಢ ಬೇಡ, ಈಗ ಪಿತೃಪಕ್ಷ ಬೇಡ, ಈಗ ಶೂನ್ಯಮಾಸ ಬೇಡ. ಹೀಗೆ ಎರಡು ವರ್ಷ ಕಳೆಯಿತು. ಜನವಿಲ್ಲದ ಮನೆಗೆ ಮೊದಲು ಬಾವಲಿ ಬರುತ್ತದೆ, ಆಮೇಲೆ ಗೆದ್ದಲು ಬರುತ್ತದೆ, ಎಲ್ಲಕ್ಕಿಂತ ಬೇಗ ಮಾತು ಬರುತ್ತದೆ. ಆ ಮನೆ ಯಜಮಾನನನ್ನು ತಿಂದುಕೊಂಡಿತು ಎಂದರು. ನೀರು ಸೇದಲು ನನ್ನ ಕೋಣೆಯ ಮುಂದಿನಿಂದ ಹೋಗುವ ಹೆಂಗಸರು ಆ ಬಾಗಿಲು ಬಂದಾಗ ಬೀದಿಯ ಈಚೆ ಪಕ್ಕಕ್ಕೆ ಸರಿಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮಾಟಮಂತ್ರವೆಂದು ಹೊರಗಿನವರು ಈ ಊರಿನ ಹೆಸರು ಹಿಡಿದು ನಗುವುದು ಸಾಲದೆಂದು ಊರಿನವರೇ ಕೈಯಾರೆ ಸರಕು ಒದಗಿಸಿದರೆ ಏನು ಹೇಳುವುದು!

ಒಂದು ಬೆಳಿಗ್ಗೆ ನೋಡುತ್ತೇನೆ, ಸೀರೆಯ ಮೇಲೆ ಗಂಡನ ಹಳೆಯ ಕಪ್ಪು ಕೋಟು ತೊಟ್ಟು, ತೋಳನ್ನು ಮೊಳಕೈತನಕ ಮಡಿಸಿ, ದೊಡ್ಡಬಸಮ್ಮನವರು ಮುಳ್ಳನ್ನು ಬರಿಗೈಯಲ್ಲಿ ಎಳೆದು ಬೀದಿಗೆ ಹಾಕುತ್ತಿದ್ದಾರೆ. ಗುರುಮಲ್ಲಪ್ಪ ಓಡಿಬಂದ.

"ಅತ್ಗಮ್ಮ, ಈ ಮನೇನ ಯಾರೂ ತಕಳಲ್ಲ. ನನಗ ಕೊಟ್ಬುಡಿ, ತೊಟ್ಟಿ ಮುಚ್ಚಿ ಬೆಲ್ಲ ತುಂಬ್ಕತೀನಿ. ಬೆಲ್ಲಕ್ಕ ಯಾವ ನಕ್ಷತ್ರ?"

"ಆಯ್ತು. ಆಮೇಲ?"

"ಆಮೇಲ ಏನು? ಕಂಬ ಬಾಗ್ಲು ಬೇಕಾದೋರು ಕಿತ್ಕಂಡು ಓಯ್ತಾರ."

"ನಿಮ್ಮಣ್ಣ ಕಟ್ಟಿದ್ದು ಮನ ಕಣಪ್ಪ ಗುರುಮಲ್ಲ, ಉಗ್ರಾಣ ಅಲ್ಲ. ಮನೆಯಾಗೇ ಮಾರ್ತೀನಿ. ಮಕ್ಳುಮರಿ ಕಟ್ಕಂಡು ಬಾಳೋರಿಗೇ ಕೊಡ್ತೀನಿ. ಅದಾಗ್ದಿದ್ರ ನಾನೇ ಇಲ್ಲಿ ಬಿದ್ದಿರ್ತೀನಿ, ನಿನಗಂತೂ ಇಲ್ಲ."

ಮಾರುವ ಅಗತ್ಯವೇನೆಂದು ಯಾರಾದರೂ ಕೇಳಿದರೆ ಅವರು ಮುಚ್ಚಿಡುತ್ತಿರಲಿಲ್ಲ. ಅಜ್ಜೀಪುರದಲ್ಲಿ ಅಪ್ಪ ಕೊಟ್ಟ ಹೊಲವಿತ್ತು. ಅಲ್ಲೊಂದು ಬಾವಿ ತೋಡಿಸಿ, ನಿಂತು ವ್ಯವಸಾಯ ಮಾಡಬೇಕೆಂಬ ಆಸೆಯಿತ್ತು. ಮಗಳು ಚೆನ್ನಾಜಮ್ಮನನ್ನು ಹೊನ್ನೂರಿಗೆ ಕೊಟ್ಟು ಆಗಿತ್ತು. ನಲವತ್ತೈದು ದಾಟದ ಹೆಂಗಸು, ಗಟ್ಟಿ ಜೀವ, ಪಟ್ಟಣದಲ್ಲಿ ಒಬ್ಬರೇ ಕುಳಿತು ಗೋಡೆ ಕಾಯೋಣವೆಂದರೆ ಅವರಿಗೆ ಮೊದಲೇ ಕುಳಿತುಕೊಳ್ಳುವುದೇ ಬಾರದು.

ಆಮೇಲಿನ ಎರಡು ತಿಂಗಳಿನಂಥ ಆರ್ಭಟವನ್ನು ನಮ್ಮ ಬೀದಿ ಹಿಂದೆ ಕಂಡಿರಲಿಲ್ಲ. ಮಧುವನಹಳ್ಳಿಯ ಗಾರೆ ಕೆಲಸದ ಬಿಳಿಗಿರಿಯನ್ನು ಕರೆಸಿದರು. ಒಡೆದ ಹೆಂಚು ಇಳಿಯಿತು, ಬಾವಿಯ ಹೂಳು ಮೇಲೆ ಬಂತು, ಬೇವಿನ ಸೊಪ್ಪಿನ ಹೊಗೆಗೆ ಬಾವಲಿಗಳು ಹಗಲಲ್ಲೇ ದಿಕ್ಕುಗೆಟ್ಟು ಹಾರಿದವು. ಗೋಡೆಗೆ ಸುಣ್ಣ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಕಂಬಗಳಿಗೆ ಹೊಂಗೆ ಎಣ್ಣೆ. ಬಿಳಿಗಿರಿ ಮೇಲೆ ಹತ್ತಿ ಕೈಯಾಡಿಸಿ ಬಂದ ಜಾಗಕ್ಕೆ ಇವರು ಕೋಟಿನ ಗುಂಡಿ ಹಾಕಿಕೊಂಡು ತಾವೇ ಹತ್ತಿ ನೋಡುವರು. ಬೀದಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿತ್ತು. ಜಗುಲಿಯಲ್ಲಿ ಪುಸ್ತಕ ಹಿಡಿದು ಕುಳಿತ ನನ್ನನ್ನೂ ಬಿಡಲಿಲ್ಲ: "ಮೇಷ್ಟ್ರೇ, ಪದ್ಯ ಎಲ್ಲಿಗೂ ಓಗಲ್ಲ, ಸಂಜೆಗ ಓದ್ಕಳಿ. ಈಗ ಬಂದು ಈ ಏಣಿ ಇಡ್ಕಳಿ." ಹಿಡಿದುಕೊಂಡೆ. ಹಿಡಿಯುವುದಿಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ಇಷ್ಟೆಲ್ಲ ನೇರವಾಗಿ ಮಾಡಿದವರು ಒಂದೆಡೆ ಎಡವಿದರು. ಯಜಮಾನರು ತೀರಿಕೊಂಡ ಪಡುವಣ ಕೋಣೆಯಲ್ಲೇ ದೋಷ ನಿಂತಿದೆ, ಅದರ ಬಾಗಿಲನ್ನು ಗೋಡೆ ಮಾಡಿಬಿಟ್ಟರೆ ಉಳಿದ ಮನೆ ಚೊಕ್ಕಟವೆಂದು ನೆಂಟರ ಪೈಕಿ ಹಿರಿಯರೊಬ್ಬರು ಹೇಳಿದರು. ಆ ಒಂದು ಮಾತಿಗೆ ಮಾತ್ರ ಅವರು "ಆಮೇಲ?" ಎನ್ನಲಿಲ್ಲ; ಆ ಕೋಣೆಯ ಹೊಸ್ತಿಲು ದಾಟಲು ಅವರಿಗೇ ಕಾಲು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಬಿಳಿಗಿರಿ ಬಾಗಿಲು ಕಿತ್ತು, ಇಟ್ಟಿಗೆ ಜೋಡಿಸಿ, ಮೇಲೆ ಸುಣ್ಣ ಬಳಿದ. ಅಲ್ಲೊಂದು ಕೋಣೆಯಿತ್ತೆಂದು ಒಳಗಿನಿಂದ ಯಾರಿಗೂ ತಿಳಿಯುವಂತಿರಲಿಲ್ಲ.

ಮೊದಲು ನೋಡಲು ಬಂದವರು ಯಳಂದೂರಿನ ಭತ್ತದ ವ್ಯಾಪಾರಿ. ಕಂಬ ಸವರಿದರು, ಬಾವಿ ಬಗ್ಗಿ ನೋಡಿದರು, ಸಂತೋಷಪಟ್ಟರು. ಹೊರಗೆ ಬಂದು ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದವರು ಪಡುವಣ ಗೋಡೆಯ ಮುಂದೆ ನಿಂತುಬಿಟ್ಟರು.

"ಅಲ್ಲ ಕಣವ್ವ, ಇಲ್ಲೊಂದು ಕಿಟಕಿ ಅದಲ್ಲ. ಒಳಗ ಇದರ ಕೋಣೆ ಎಲ್ಲಿ?"

ದೊಡ್ಡಬಸಮ್ಮನವರು ಮಜ್ಜಿಗೆಯ ಲೋಟ ಮುಂದೆ ಹಿಡಿದರು. ವ್ಯಾಪಾರಿ ಅದನ್ನು ಮುಟ್ಟದೆ ಹೊರಟುಹೋದರು. ಸಂಜೆಯೊಳಗೆ ಊರಿಗೆ ಹಿಂದಿನದಕ್ಕಿಂತ ರುಚಿಯಾದ ಕಥೆ ಸಿಕ್ಕಿತು: ಆ ಹೆಂಗಸು ಕೋಣೆಯೊಳಗೆ ಏನನ್ನೋ ಕೂಡಿಹಾಕಿ ಗೋಡೆ ಎಬ್ಬಿಸಿದ್ದಾಳೆ. ಗುರುಮಲ್ಲಪ್ಪ ಬೆಲ್ಲದ ಗಾಡಿಯನ್ನು ಎಲ್ಲಿ ನಿಲ್ಲಿಸುವುದೆಂದು ಬೀದಿಯ ಅಗಲ ನೋಡುತ್ತ ಓಡಾಡತೊಡಗಿದ.

ಮರುದಿನ ಬೆಳಿಗ್ಗೆ ಗೋಡೆ ಒಡೆಯುವ ಸದ್ದಿಗೆ ನಾನು ಎದ್ದು ಬಂದೆ. ಬಿಳಿಗಿರಿ ತಾನೇ ಕಟ್ಟಿದ್ದನ್ನು ತಾನೇ ಬೀಳಿಸುತ್ತಿದ್ದ. ದೊಡ್ಡಬಸಮ್ಮನವರು ಧೂಳಿನ ನಡುವೆ ನಿಂತಿದ್ದರು, ಕಣ್ಣು ಕೆಂಪಾಗಿತ್ತು. "ನಂದೇ ದಡ್ತನ ಮೇಷ್ಟ್ರೇ. ಅವರು ಉಸ್ರು ಬುಟ್ಟ ಜಾಗಕ್ಕ ನಾನೇ ಎದ್ರಿ ಮುಚ್ಚಿದ್ರ, ಊರೋರು ಎದ್ರದೆ ಇರ್ತಾರಾ?" ಎಂದರು. ಇಟ್ಟಿಗೆಯೆಲ್ಲ ಹೊರಬಿದ್ದ ಮೇಲೆ ಒಳಗೆ ಹೋಗಿ, ಆ ಕಿಟಕಿಯನ್ನು ತೆರೆದು, ಬಹಳ ಹೊತ್ತು ಅದರ ಸರಳು ಹಿಡಿದು ನಿಂತುಕೊಂಡರು.

ಅಲ್ಲಿಂದ ಮುಂದೆ ಮನೆ ನೋಡಲು ಯಾರೇ ಬರಲಿ, ಮೊದಲು ಆ ಕೋಣೆಗೇ ಕರೆದೊಯ್ಯುವರು. "ನಮ್ಮ ಯಜಮಾನ್ರು ಶಿವೈಕ್ಯರಾದ್ದು ಇಲ್ಲೇ. ಗಾಳಿ ಚೆನ್ನಾಗಿ ಬತ್ತದ, ನೋಡಿ." ಬಂದವರು ಗಾಳಿಯನ್ನು ನೋಡದೆ ಬಾಗಿಲನ್ನು ನೋಡುತ್ತಿದ್ದರು. ಒಬ್ಬೊಬ್ಬರಾಗಿ ಎಲ್ಲರೂ ಜಾರಿಕೊಂಡರು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಸತ್ಯವೇನೋ ಸರಿ. ಆದರೆ ಅದನ್ನು ಮೊದಲನೆಯ ಮಾತಾಗಿಯೇ ಆಡಬೇಕೆ? ವ್ಯಾಪಾರ ಕುದುರಿದ ಮೇಲೆ ಮೆಲ್ಲಗೆ ಹೇಳಬಾರದೆ?" ಎಂದೆ.

"ಆಯ್ತು. ಆಮೇಲ? ಅವ್ರ ಮಗೂಗ ನಾಳ ಒಂದು ಜ್ವರ ಬಂದ್ರ, ಈ ಗೋಡೇನ ನೋಡ್ಕಂಡು ಸಾಯ್ತಾರ ಕಣ್ರಿ. ಅಂಥ ಮನೇನ ಮಾರಿದ್ರೂ ಒಂದೇ, ಸುಟ್ರೂ ಒಂದೇ."

ಅಷ್ಟರಲ್ಲಿ ಹೊನ್ನೂರಿನಿಂದ ಸುದ್ದಿ ಬಂತು. ಚೆನ್ನಾಜಮ್ಮನಿಗೆ ದಿನ ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನದು. ಆದರೆ ಆ ಮನೆಗೆ ಮಾತ್ರ ಸೊಸೆಯನ್ನು ಕಳಿಸೆವು, ಬೇಕಾದರೆ ಅಜ್ಜೀಪುರಕ್ಕೆ ಕರೆದುಕೊಂಡು ಹೋಗಲಿ ಎಂದು ಬೀಗರು ಖಂಡಿತವಾಗಿ ಹೇಳಿಕಳಿಸಿದ್ದರು. ದೊಡ್ಡಬಸಮ್ಮನವರು ಬಸ್ಸು ಹತ್ತಿ ಹೋಗಿ ಬೀಗರ ಪಡಸಾಲೆಯಲ್ಲಿ ನಿಂತರು. ಅಲ್ಲೇನು ನಡೆಯಿತೋ ಕಾಣೆ. ಸಂಜೆಯ ಬಸ್ಸಿನಲ್ಲಿ ಮಗಳನ್ನು ಇಳಿಸಿಕೊಂಡು ಬಂದರು, ಮಂಚವನ್ನು ನೇರವಾಗಿ ಪಡುವಣ ಕೋಣೆಗೇ ಹಾಕಿಸಿದರು.

ಆಗ ನನಗೆ ನಿಜವಾಗಿಯೂ ಸಿಟ್ಟು ಬಂತು. "ಮನೆ ಮಾರುವುದಕ್ಕೆ ಮಗಳ ಬಾಣಂತನವನ್ನೂ ಒಡ್ಡುತ್ತೀರಾ ಅಕ್ಕಾ? ಇದು ಹಟವಲ್ಲ, ಹುಚ್ಚು!" ಎಂದು ಬೀದಿಗೆ ಕೇಳುವಂತೆ ಕೂಗಿದೆ.

ಅವರು ಕೂಗಲಿಲ್ಲ. "ಮಾರೋ ಗಂಟ ಇದು ಅವಳ ತವರುಮನ ಮೇಷ್ಟ್ರೇ. ಅವರಪ್ಪ ಕಟ್ಟಿದ ಮನೇಲಿ ಅವಳೊಂದು ಬಾಣಂತನ ಮಾಡ್ಕಬ್ಯಾಡ್ವಾ?" ಎಂದರು. ಒಳಗಿನಿಂದ ಚೆನ್ನಾಜಮ್ಮ, "ನಾನೇ ಬತ್ತೀನಿ ಅಂದದ್ದು ಸಾ. ಅಪ್ಪ ಇದ್ದ ಕೋಣೇಲಿ ನನಗ್ಯಾತರ ಭಯ?" ಎಂದಳು. ತಾಯಿಯ ಮಗಳು! ನಾನು ಮರಳಿ ನನ್ನ ಜಗುಲಿಗೆ ಬಂದೆ.

ಹೆರಿಗೆ ಕಷ್ಟವಾಯಿತು. ಬೆಳಕು ಹರಿದಾಗ ಶುರುವಾದ ನೋವು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಆಸ್ಪತ್ರೆಯ ನರ್ಸಮ್ಮ ಬಂದಿದ್ದರು. ಇನ್ನು ಸ್ವಲ್ಪ ನೋಡಿ ಗಾಡಿ ಕಟ್ಟಿಸೋಣ ಎಂದರಂತೆ. ಬೀದಿಯ ಬಾಗಿಲುಗಳೆಲ್ಲ ಅರೆ ತೆರೆದು ಕಿವಿಗೊಟ್ಟಿದ್ದವು. ನಡೆಯಬಾರದ್ದು ನಡೆದರೆ ಆ ಮನೆಗೆ ಬೆಲ್ಲದ ಮೂಟೆಯೂ ಬಾರದೆಂದು ಎಲ್ಲರಿಗೂ ಗೊತ್ತಿತ್ತು. ಆಗ ದೊಡ್ಡಬಸಮ್ಮನವರು ಹೊರಗೆ ಬಂದು ತಮ್ಮ ಜಗುಲಿಯ ಮೇಲೆ ಕುಳಿತರು. ಕುಳಿತರು! ನಾನು ಬೀದಿ ದಾಟಿ ಹೋದೆ. ಮುಖದಲ್ಲಿ ರಕ್ತವಿರಲಿಲ್ಲ. "ಮೇಷ್ಟ್ರೇ, ನನ್ನ ಅಟಕ್ಕ ಮಗಳನ್ನ ಬಲಿ ಕೊಟ್ಬುಟ್ನಾ?" ಎಂದರು. ಪಕ್ಕದಲ್ಲಿ ಕುಳಿತುಕೊಂಡೆ, ಅಷ್ಟೆ.

ಕಿಟಕಿಯಿಂದ ಮಗುವಿನ ಅಳು ಕೇಳಿಸಿತು. ಎಂಥ ಅಳು! ಬೀದಿಯ ಆ ತುದಿಯ ತನಕ ಹೋಯಿತು. ನರ್ಸಮ್ಮ ಇಣುಕಿ, ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದರು. ದೊಡ್ಡಬಸಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದವರೇ, ಬಿಸಿನೀರು ತಣ್ಣಗಾಗಿದೆಯೆಂದು ಯಾರನ್ನೋ ಗದರತೊಡಗಿದರು.

ಬಾಣಂತಿಯನ್ನು ನೋಡಲು ಹೋಗದಿರುವುದು ನಮ್ಮ ಹೆಂಗಸರಿಗೆ ಸಾಧ್ಯವೆ? ಭಯ ಒಂದು ಕಡೆ ಎಳೆಯಿತು, ಕುತೂಹಲ ಇನ್ನೊಂದು ಕಡೆ ಎಳೆಯಿತು, ಕುತೂಹಲ ಗೆದ್ದಿತು. ಮೊದಲು ಒಬ್ಬರು ಕೊಬ್ಬರಿ ಬಟ್ಟಲು ಹಿಡಿದು ಹೋದರು, ಆಮೇಲೆ ಬೀದಿಗೆ ಬೀದಿಯೇ ಹೋಯಿತು. ಬೀದಿಯ ಈಚೆ ಪಕ್ಕಕ್ಕೆ ಸರಿಯುತ್ತಿದ್ದವರೆಲ್ಲ ಪಡುವಣ ಕೋಣೆಯಲ್ಲಿ ಕಾಲು ಚಾಚಿ ಕುಳಿತು, ಮಗುವಿನ ಮೂಗು ಅಜ್ಜನದೋ ಅಪ್ಪನದೋ ಎಂದು ಜಗಳವಾಡಿದರು. ಮನೆಯಿಂದ ಬೆಳ್ಳುಳ್ಳಿಯ, ಸಾಂಬ್ರಾಣಿಯ, ನೀರೊಲೆಯ ಹೊಗೆಯ ವಾಸನೆ ಬರತೊಡಗಿತು.

ಹಾಗೆ ಬಂದವರಲ್ಲಿ ಹನೂರಿನ ನಂಜಮ್ಮಣ್ಣಿ ಎಂಬುವರೂ ಒಬ್ಬರು. ಮಕ್ಕಳ ಓದಿಗಾಗಿ ಕೊಳ್ಳೇಗಾಲದಲ್ಲಿ ಮನೆ ಹುಡುಕುತ್ತಿದ್ದ ಜಮೀನುದಾರ ಗುರುಪಾದಸ್ವಾಮಿಯವರ ಹೆಂಡತಿ. ಪಕ್ಕದ ಮನೆಯ ನೆಂಟರ ಜೊತೆ ಬಂದವರು ತೊಟ್ಟಿಲ ಪಕ್ಕ ಬಹಳ ಹೊತ್ತು ಕುಳಿತಿದ್ದು, ಏಳುವಾಗ ಕೇಳಿದರು: "ಈ ಮನ ಮಾರ್ತೀರಂತಲ್ಲ ಅಕ್ಕ?"

"ಮಾರ್ತೀನಿ ಕಣವ್ವ. ನಮ್ಮ ಯಜಮಾನ್ರು ತೀರ್ಕಂಡದ್ದು ಇದೇ ಕೋಣೇಲಿ."

"ಗೊತ್ತು. ಮೊಮ್ಮಗಳು ಬಂದದ್ದೂ ಇದೇ ಕೋಣೇಲಿ ಅಲ್ವಾ?"

ಮರುವಾರ ಗಂಡನನ್ನು ಕರೆತಂದರು. ಗುರುಪಾದಸ್ವಾಮಿ ವ್ಯವಹಾರಸ್ಥರು, ಎಲ್ಲ ಮೆಚ್ಚಿಕೊಂಡೂ, ಬೆಲೆ ಇಳಿಸಲು ಕೊನೆಯ ಬಾಣ ಬಿಟ್ಟರು: "ಮನ ಮ್ಯಾಲ ಏನೋ ಮಾತು ಅದಂತಲ್ಲ?" ದೊಡ್ಡಬಸಮ್ಮನವರು ಬಾಯಿ ತೆರೆಯುವ ಮೊದಲೇ ನಂಜಮ್ಮಣ್ಣಿ ಗಂಡನ ಕಡೆ ತಿರುಗಿ, "ಸುಮ್ಕಿರಿ. ಆ ಮಾತಾಡ್ದೋರೆಲ್ಲ ಮೊನ್ನ ಇಲ್ಲೇ ಕೂತ್ಕಂಡು ಮಗೂನ ಆಡಿಸ್ತಿದ್ರು" ಎಂದರು. ಅಲ್ಲಿಗೆ ಮುಗಿಯಿತು. ಮನೆಗೆ ತಕ್ಕ ಬೆಲೆಗೆ, ಮನೆಯಾಗಿಯೇ, ಮಾರಾಟವಾಯಿತು. ಗುರುಮಲ್ಲಪ್ಪ ಬೆಲ್ಲಕ್ಕೆ ಬೇರೆ ಜಾಗ ನೋಡಿಕೊಂಡ.

ಬಾಣಂತನ ಮುಗಿಸಿ ಮಗಳನ್ನು ಹೊನ್ನೂರಿಗೆ ಕಳಿಸಿದ ಮೇಲೆಯೇ ಅವರು ಬೀಗದ ಕೈ ಕೊಟ್ಟದ್ದು. ನಂಜಮ್ಮಣ್ಣಿ ಹಾಲುಕ್ಕಿಸಿದ ದಿನ, ಹಾಲು ಪಾತ್ರೆಯ ಅಂಚು ಮೀರುವುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಗಂಟು ಹಿಡಿದು ಹೊರಗೆ ಬಂದರು. ಬಸ್ಸಿನ ತನಕ ನಾನೂ ಹೋದೆ. "ದುಃಖವಾಗುವುದಿಲ್ಲವೇ ಅಕ್ಕಾ?" ಎಂದು ಕೇಳಿದೆ, ಕೇಳಬಾರದಿತ್ತು.

"ಆಯ್ತದ. ಒಟ್ಟೇಲಿ ಬೆಂಕಿ ಬಿದ್ದಂಗ ಆಯ್ತದ," ಎಂದರು. "ಆದ್ರ ಅವರು ಕಟ್ಟಿದ ಮನ ಬದುಕ್ಕಂಡದ ಮೇಷ್ಟ್ರೇ. ಅಷ್ಟು ಸಾಕು ನನಗ."

ಮನೆ ಬಿಟ್ಟುಹೋಗುವವರನ್ನು ನಾನು ಈ ವೃತ್ತಿಯ ವರ್ಗಾವಣೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಕೆಲವರು ಬೀಗ ಜಡಿದು ಮರೆಯುತ್ತಾರೆ, ಕೆಲವರು ಸಿಕ್ಕಿದಷ್ಟು ಬಾಚಿಕೊಂಡು ನಡೆಯುತ್ತಾರೆ, ಕೆಲವರು ಬಿಡಲೂ ಆರದೆ ಇರಲೂ ಆರದೆ ಅದರ ಜೊತೆಗೇ ಕುಸಿಯುತ್ತಾರೆ. ಇವರೆಲ್ಲರ ನಡುವೆ ಎಲ್ಲೋ ಒಬ್ಬರು ಇಂಥವರು: ತಮಗೆ ಇನ್ನು ಬೇಡವಾದದ್ದನ್ನೂ, ಅದರ ಕಳಂಕವನ್ನು ತಾವು ತೊಳೆಯದೆ ಇನ್ನೊಬ್ಬರ ಕೈಗೆ ದಾಟಿಸಲು ಒಪ್ಪದವರು, ಅದಕ್ಕಾಗಿ ತಮಗೆ ಅತ್ಯಂತ ಪ್ರಿಯವಾದ ಜೀವದ ಮೇಲೇ ಭಾರ ಹಾಕಿ, ಜಗುಲಿಯ ಮೇಲೆ ಕುಳಿತು ನಡುಗಬಲ್ಲವರು. ಅವರಿಂದ ಕೊಂಡವರಿಗೆ ಆ ನಡುಕ ತಿಳಿಯುವುದಿಲ್ಲ. ಸಂಜೆ ದೀಪ ಹಚ್ಚಿ, ಮಕ್ಕಳನ್ನು ಯಾವ ಕೋಣೆಯಲ್ಲಿ ಬೇಕಾದರೂ ಮಲಗಿಸಿ, ತಾವು ಒಳ್ಳೆಯ ಮನೆಯನ್ನೇ ಕೊಂಡೆವೆಂದು ಹಾಯಾಗಿರುತ್ತಾರೆ.