ಜೋಡಿ ಸಿಗದೆ ಉಳಿದದ್ದು

ಟೀಚರಮ್ಮನ ಕೆಂಪು ಪೆನ್ನು ಕೊನೆಯ ಲೆಕ್ಕದ ಮೇಲೆ ಬಂದು ನಿಂತುಬಿಟ್ಟಿತು.

ಸಂಜೆ ತರಗತಿಯ ಉಳಿದವರೆಲ್ಲ ಹೊರಟುಹೋಗಿದ್ದರು. ಮೇಜಿನೆದುರು ಪರೀಕ್ಷೆ ಬರೆದ ಅವಳೊಬ್ಬಳು, ಪಕ್ಕದಲ್ಲಿ ಅವಳ ಒಂಬತ್ತನೇ ಕ್ಲಾಸಿನ ಮಗಳು. ಆಸ್ಪತ್ರೆಯಲ್ಲಿ ಆಪರೇಷನ್ ಸಾಮಾನು ತೊಳೆದು ಜೋಡಿಸುವ ಕೆಲಸ ತಾಯಿಯದು. ಗಣಿತ ಪಾಸಾದರೆ ನರ್ಸಿಂಗ್ ತರಬೇತಿಗೆ ತೆಗೆದುಕೊಳ್ಳುತ್ತೇವೆಂದಿದ್ದರು. ಎರಡು ಸಲ ಡುಮ್ಕಿ ಹೊಡೆದಾಗಿತ್ತು, ಮೂರನೆಯದೇ ಕೊನೆ. ಬೇಕಾದದ್ದು ಮೂವತ್ತೈದು, ಇಲ್ಲಿಯತನಕ ಬಂದದ್ದು ಮೂವತ್ತಮೂರು. ಈ ಲೆಕ್ಕಕ್ಕೆ ಎರಡು.

ಗೆರೆಯ ಮೇಲೆ 6a⁵b², ಕೆಳಗೆ 2a²b⁵. ಘಾತಾಂಕದ ನಿಯಮ ಹಚ್ಚಿ ಸುಲಭ ಮಾಡಬೇಕು. ಮಿಕ್ಕವರು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಅವಳ ಪುಟದಲ್ಲಿ ಮಾತ್ರ ಅಕ್ಷರಗಳು ಒಂದೊಂದಾಗಿ, ಕೈ ಕೈ ಹಿಡಿದು ಏಳು ಬೆಟ್ಟ ದಾಟಲು ಹೊರಟ ಮಕ್ಕಳ ಹಾಗೆ ನಿಂತಿದ್ದವು. ಎಷ್ಟೋ ಅಕ್ಷರಗಳ ಮೇಲೆ ಓರೆಗೀಟು.

"ಇದೇನ್ರೀ, ಇರುವೆ ಸಾಲು?"

"ಘಾತ ಕಳೆಯೋದು ನನ್ನ ತಲೆಗೇ ಹತ್ತಲ್ಲ ಟೀಚರ್. ಆಪರೇಷನ್‌ಗೆ ಕೊಟ್ಟ ಕತ್ತರಿ, ಇಕ್ಕಳ ಒಂದು ಸಾಲು ಬರ್ಕೊಂಡಿರ್ತೀನಿ. ವಾಪಸ್ ಬಂದಿದ್ದು ಇನ್ನೊಂದು ಸಾಲು. ಜೋಡಿ ಜೋಡಿಯಾಗಿ ಹೊಡೀತಾ ಬರ್ತೀನಿ. ಜೋಡಿ ಸಿಗದೆ ಉಳಿದಿದ್ದೇ ಲೆಕ್ಕ. ಇಲ್ಲೂ ಹಂಗೇ ಮಾಡ್ದೆ."

ಮಗಳು ಪುಟದೊಳಗೆ ತಲೆ ತೂರಿಸಿದಳು. "ಅಯ್ಯೋ ಅಮ್ಮಾ! ಎರಡರಲ್ಲಿ ಐದು ಕಳೆದ್ರೆ ಮೈನಸ್ ಮೂರು. ನಿನ್ನ ಮೈನಸ್ ಎಲ್ಲಿ? ಮುಗೀತು ಕಥೆ."



ಟೀಚರಮ್ಮ ಸಾಲಿನುದ್ದಕ್ಕೂ ಬೆರಳಿಟ್ಟು ಎಣಿಸಿದರು. "ಆರನ್ನ ಎರಡರಿಂದ ಭಾಗಿಸಿ ಮೂರು, ಸರಿ. ಮೂರು ಎ ಮೇಲೆ ಉಳಿದ್ವು. ಬಿ?"

"ಮೇಲಿನ ಎರಡಕ್ಕೂ ಜೋಡಿ ಸಿಕ್ತು. ಕೆಳಗೆ ಮೂರು ಉಳಿದ್ವು. ಅಲ್ಲೇ ಬಿಟ್ಟೆ."

"ಕೇಳಿದ್ಯೇನೇ ಜಾಣೆ?" ಟೀಚರಮ್ಮ ಮಗಳ ಕಡೆ ತಿರುಗಿದರು. "ಕೆಳಗೇ ಕೂತವಕ್ಕೆ ಮೈನಸ್ ಯಾಕೆ? ಮೇಲಕ್ಕೆ ಕರೆದ್ರೆ ತಾನೇ ಮೈನಸ್ ಹೊತ್ಕೊಂಡು ಬರ್ಬೇಕು. ನಿನ್ನ ಉತ್ತರ, ಅಮ್ಮನ ಉತ್ತರ ಎರಡೂ ಒಂದೇ ಕಣೇ."

ಮಗಳು ನಾಲಿಗೆ ಕಚ್ಚಿಕೊಂಡಳು. ಕೆಂಪು ಪೆನ್ನು ಅಂಚಿನಲ್ಲಿ ಎರಡು ಎಂದು ಬರೆಯಿತು.

"ಇನ್ನೊಂದ್ಸಲ ಕೂಡಿ ನೋಡಿ ಟೀಚರ್."

"ಮೂವತ್ತೈದೇ ಕಣ್ರೀ. ಬೇಕಾದ್ರೆ ನೀವೇ ಕೂಡಿ."

ಕೂಡಿದಳು. ಮಗಳ ಕೈಲೂ ಕೂಡಿಸಿದಳು.

ಹೊರಗೆ ಬಂದಾಗ ಬಸ್ಸು ನಿಂತಿತ್ತು. "ಬೇಗ ಬಾರಮ್ಮಾ, ಹೊರಟೇಬಿಡ್ತು!" ಎಂದು ಮಗಳು ಓಡಿದಳು. ದಿನಾ ಮಗಳಿಗಿಂತ ಮುಂದೆ ಓಡುವ ತಾಯಿ ಇವತ್ತು ಹೆಜ್ಜೆ ಎತ್ತಲಿಲ್ಲ.

"ಹೋಗ್ಲಿ ಬಿಡೇ. ಇನ್ನೊಂದು ಬರುತ್ತೆ."

ಕಲ್ಲುಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ಎರಡೂ ಕಾಲನ್ನು ನೀಳವಾಗಿ ಚಾಚಿದಳು.