ಅಮೆರಿಕದ ವಿಭಾಗ ಪತ್ರ

ದೇವನಹಳ್ಳಿಯ ಪತ್ರ ಬರಹಗಾರ ಅಪ್ಪಯ್ಯಣ್ಣ ಅಮೆರಿಕದ ಚರಿತ್ರೆ ಬರೆದ. ಕ್ರಯಪತ್ರ, ವಿಭಾಗ ಪತ್ರ ಬರೆದು ಬರೆದು ಇಡೀ ತಾಲ್ಲೂಕನ್ನು ಮೂವತ್ತು ನಲವತ್ತರ ಸೈಟುಗಳಾಗಿ ಕೊಯ್ದು ಮುಗಿಸಿದ ಮೇಲೆ ಅವನ ಪೆನ್ನಿಗೆ ಇಲ್ಲಿ ನೆಲ ಉಳಿದಿರಲಿಲ್ಲ, ಸಮುದ್ರ ದಾಟಿತು. ಎಲ್ಲರಿಗೂ ಅರ್ಥವಾಗುವ ಚರಿತ್ರೆಯಂತೆ! ಒಂದು ಪ್ರತಿ ಮೇಲೆ ಬಿದ್ದರೆ ಎಮ್ಮೆ ಕರು ಸಾಯಬೇಕು, ಅಷ್ಟು ತೂಕ. ಇಂಥವನ್ನು ಒಂದು ತಟ್ಟೆ ಇಡ್ಲಿ ಮುಗಿಯುವುದರೊಳಗೆ ಮೂರು ಓದಿ ಎಸೆಯುವ ನಾನೇ ಇದನ್ನು ಓದುತ್ತ ನಾಲ್ಕು ಸಲ ಸತ್ತು ಐದು ಸಲ ಹುಟ್ಟಿದೆ.

ಮೊದಲ ಪುಟದಲ್ಲೇ ಚಕ್ಕುಬಂದಿ: ‘ಪೂರ್ವಕ್ಕೆ ಅಟ್ಲಾಂಟಿಕ್ ಸಮುದ್ರ, ಪಶ್ಚಿಮಕ್ಕೆ ಪೆಸಿಫಿಕ್ ಸಮುದ್ರ, ಉತ್ತರಕ್ಕೆ ಕೆನಡಾದವರ ಬಾಬ್ತು, ದಕ್ಷಿಣಕ್ಕೆ ಮೆಕ್ಸಿಕೊದವರ ಬಾಬ್ತು.’ ಸಂವಿಧಾನವೆಂದರೆ ಒಟ್ಟು ಕುಟುಂಬದ ಕರಾರು. ಅಂತರ್ಯುದ್ಧವೆಂದರೆ ಉತ್ತರದ ಅಣ್ಣನಿಗೂ ದಕ್ಷಿಣದ ತಮ್ಮನಿಗೂ ಪಾಲಿನ ಜಗಳ. ಆರು ಲಕ್ಷ ಜನ ಬದು ಒತ್ತುವರಿಗಾಗಿ ಸತ್ತರು ಎಂಬಂತೆ! ಗುಲಾಮರು? ಕೊನೆಯ ಪುಟದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ಪಟ್ಟಿಯಲ್ಲಿ, ಹತ್ತಿ ಮೂಟೆ, ಕುದುರೆಗಳ ಕೆಳಗೆ: ‘ಚರಾಸ್ತಿ. ಗುಲಾಮರು, ನಲವತ್ತು ಲಕ್ಷ.’

ಸಂವಿಧಾನ ದಿನದಂದು ಅಪ್ಪಯ್ಯಣ್ಣ ಇದರ ಐವತ್ತು ಪ್ರತಿಗಳನ್ನು ತನ್ನೂರಿನ ಗ್ರಂಥಾಲಯಕ್ಕೆ ದಾನ ಕೊಡಲು ಬಂದ. ಮುಖ್ಯ ಅತಿಥಿ ನಾನು, ಇನ್ನಾರು? ಗ್ರಂಥಾಲಯ ನೋಡಿಕೊಳ್ಳುವವಳು ಅದೇ ಊರಿನ ಆಂಜಿನಪ್ಪನ ಮಗಳು ಸಂಘಮಿತ್ರ. ಅವಳು ಸಹಿ ಹಾಕಿದರೆ ಸೋಮವಾರದಿಂದ ಶಾಲೆಯ ಮಕ್ಕಳೆಲ್ಲ ಇದನ್ನೇ ಓದಿ ಭಾಷಣ ಮಾಡಬೇಕು. ಅವಳ ಮಗಳೂ ಅದೇ ಶಾಲೆ. ಸಂಘಮಿತ್ರ ಮಾತ್ರ ಆ ಕೊನೆಯ ಪುಟ ತೆರೆದು ಕೂತಿದ್ದಳು.

“ಹಾಕಮ್ಮ ಸಹಿಯ, ಊಟಕ್ಕೆ ಹೊತ್ತಾಯ್ತು” ಅಂದ ಅಪ್ಪಯ್ಯಣ್ಣ.

“ಅಣ್ಣ, ಒಂದ್ಮಾತು. ವಿಭಾಗ ಪತ್ರದಲ್ಲಿ ಒಬ್ಬ ಪಾಲುದಾರನ ಸಹಿ ಬಿಟ್ಟೋದ್ರೆ?”

ಪತ್ರದ ಮಾತೆತ್ತಿದರೆ ಹೆಣವಾಗಿದ್ದರೂ ಎದ್ದು ಕೂರುವ ಆಸಾಮಿ. “ನಿಲ್ಲಲ್ಲ ಕಣಮ್ಮ! ನಾಳೆನೇ ಕೇಸ್ ಜಡೀತಾನೆ.”

“ಮತ್ತೆ ಈ ನಲವತ್ತು ಲಕ್ಷ ಜನ ಎಲ್ಲಿ ಸಹಿ ಹಾಕವ್ರೆ?”

“ಅಯ್ಯೋ, ಅವ್ರು ಪಾಲುದಾರ್ರಲ್ಲಮ್ಮ. ಅವ್ರೇ ಆಸ್ತಿ.” ನಗು ಬರಲೆಂದು ಸುತ್ತ ನೋಡಿದ. ಸಾವಿನ ಮನೆಯಲ್ಲೂ ನಗುವ ನನಗೇ ಬರಲಿಲ್ಲ.

ಸಂಘಮಿತ್ರ ಪುಸ್ತಕ ಮುಚ್ಚಿದಳು. “ನಿಮ್ಮಪ್ಪ, ಚಿಕ್ಕಪ್ಪ ಭಾಗ ಆದಾಗ ನಮ್ಮ ತಾತ ನಿಮ್ಮನೇಲಿ ಜೀತಕ್ಕಿದ್ರು. ಯಾರ ಪಾಲಿಗೆ ಬಂದ್ರಣ್ಣ?”

ಮೂವತ್ತು ವರ್ಷ ಬರೆದ ಅಭ್ಯಾಸ. ಬಾಯಿ ತಲೆಯನ್ನು ಕೇಳಲಿಲ್ಲ. “ನಮ್ಮಪ್ಪನ ಪಾಲಿಗೆ. ಎರಡು ಎತ್ತು, ಒಂದು ಗಾಡಿ, ಮತ್ತೆ…”

ಅಪ್ಪಯ್ಯಣ್ಣ ಜೀವಮಾನದಲ್ಲಿ ಅರ್ಧಕ್ಕೆ ನಿಲ್ಲಿಸಿದ ಷೆಡ್ಯೂಲು ಅದೊಂದೇ. ಆಮೇಲೆ ಪುಸ್ತಕದ ಡಬ್ಬಗಳನ್ನು ತಾನೇ ಹೊತ್ತು ಕಾರಿಗೆ ತುಂಬಿದ. ನನಗೆಂದು ತಂದಿದ್ದ ಶಾಲೂ ಅದರ ಜೊತೆಗೇ ಹೋಯಿತು.

ಸಂಘಮಿತ್ರ ದಾನದ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಳು. ನಾನು ಬಗ್ಗಿ ನೋಡಿದೆ. ಲೆಕ್ಕ ಉಬ್ಬಿಸುವುದರಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅವಳು ಆ ಲೆಕ್ಕಕ್ಕೆ ಸೇರಿಸಿದ್ದು ಒಂದೇ ಒಂದು:

‘ಸ್ವೀಕರಿಸಿಲ್ಲ. ನಲವತ್ತು ಲಕ್ಷದ ಮೇಲೊಂದು ಸಹಿ ಬಾಕಿ.’