ನಾಲ್ಕು ಮಡಕೆ ನೀರು

ಪ್ರದರ್ಶನ ಶುರುವಾಗುವ ಮೊದಲೇ ಪ್ರೇಮಮ್ಮ ನನ್ನ ನಾಲ್ಕೂ ಮಡಕೆಗೆ ಪೂಜೆ ಮಾಡಿ ಮುಗಿಸಿದ್ದಳು. ಕೊರಳಿಗೆ ಸೇವಂತಿಗೆ, ಹೊಟ್ಟೆಗೆ ಕುಂಕುಮ. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಒಳಗಿನ ನೀರಿಗೇ ಕೈತುಂಬ ಅರಿಶಿನ ಸುರಿದಿದ್ದಳು.

ನಾನು ನಾಗಮಂಗಲದ ಕಡೆಯ ಒಂದು ಹಳ್ಳಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಪ್ರೇಮಮ್ಮ ಅಲ್ಲಿ ಬಿಸಿಯೂಟದ ಅಡುಗೆಯವಳು. ನಾಲ್ಕು ತಾಲ್ಲೂಕಿನ ಶಾಲೆಗಳು ಸೇರಿ ಕೆ.ಆರ್. ಪೇಟೆಯ ಒಂದು ಸಭಾಂಗಣದಲ್ಲಿ ಕಲೆ, ವಿಜ್ಞಾನ, ಸಮಾಜ ಅಂತೆಲ್ಲ ದೊಡ್ಡ ಬ್ಯಾನರು ಕಟ್ಟಿದ್ದವು. ನನಗೆ ಬ್ಯಾನರಿನ ಚಿಂತೆಯಿರಲಿಲ್ಲ. ನಮ್ಮ ಶಾಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿದು ಕುಡಿದು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಿದ್ದಿವೆ. ಪ್ರೇಮಮ್ಮನ ಮೊಮ್ಮಗಳು ಚಿನ್ನುವಿಗೂ ಅಷ್ಟೇ. ಶುದ್ಧ ನೀರಿನ ಘಟಕ ಕೊಡಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಅದನ್ನು ಮಂಜೂರು ಮಾಡಬೇಕಾದ ಇಂಜಿನಿಯರ್ ಅಶೋಕ್ ಪ್ರದರ್ಶನಕ್ಕೆ ಬರುತ್ತಾರೆಂದು ಗೊತ್ತಾದ ಮೇಲೆ ಈ ಮಡಕೆಗಳನ್ನು ಜೋಡಿಸಿದ್ದೆ.

ತಾಲ್ಲೂಕಿಗೊಂದು ಮಡಕೆ, ಒಳಗೆ ಅಲ್ಲಿಂದಲೇ ತಂದ ನೀರು. ಒಂದೊಂದರ ಮೇಲೂ ಆಯಾ ಊರಿನ ಮಗುವಿನ ನಗು, ಹಲ್ಲಿನ ಬಣ್ಣ ಇದ್ದ ಹಾಗೇ ಬರೆದಿದ್ದೆ. ವಿಜ್ಞಾನದ ರಂಜಿತ ಮೇಡಂ ನೀರನ್ನು ಲೋಟಕ್ಕೆ ಬಗ್ಗಿಸಿ ಔಷಧಿ ಬಿಡುತ್ತಾರೆ. ಒಳ್ಳೆಯ ನೀರಾದರೆ ಗುಲಾಬಿ ಬಣ್ಣ, ಫ್ಲೋರೈಡ್ ಹೆಚ್ಚಿದ್ದರೆ ಹಳದಿ. ಇನ್ನು ಅರಿಶಿನದ ನೀರಲ್ಲಿ ಏನು ಕಾಣುತ್ತದೆ, ನನ್ನ ತಲೆ.

“ಏನಮ್ಮ ಇದು? ಯಾರ್ ಏಳಿದ್ರು ನಿಂಗೆ ಪೂಜೆ ಮಾಡು ಅಂತ?”

“ಅದ್ಯಾಕ್ ಸಾ ಅಂಗ್ ರೇಗ್ತೀರಿ? ಒಸ ಮಡಕೆ, ತುಂಬಿದ್ ನೀರು, ಸುತ್ತ ನೀವೇ ರಂಗೋಲಿ ಬುಟ್ಟಿದ್ದೀರಿ. ಗಂಗಮ್ಮನ್ನ ಅಂಗೇ ಬುಡಕ್ಕಾಯ್ತದಾ?”

ಚೆನ್ನಾಗಿ ಕಾಣಲಿ ಅಂತ ರಂಗೋಲಿ ಬಿಟ್ಟವನು ನಾನೇ. ಯಾರನ್ನು ಬಯ್ಯಲಿ? ಊರಿಗೆ ಹೋಗಿ ಬೇರೆ ನೀರು ತರೋಣವೆಂದರೆ ಇಂಜಿನಿಯರ್ ಕಾರು ಆಗಲೇ ಗೇಟಿನೊಳಗೆ ಬಂದಿತ್ತು.

ರಂಜಿತ ಮೇಡಂ ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಔಷಧಿ ಬಿಟ್ಟರು. ನಾಲ್ಕೂ ಲೋಟ ಹಳದಿ. ಫ್ಲೋರೈಡಿನ ಕಾಟವೇ ಇಲ್ಲದ ಶ್ರೀರಂಗಪಟ್ಟಣದ ನಲ್ಲಿ ನೀರೂ ಹಳದಿ.

“ಏನ್ ಮೇಷ್ಟ್ರೇ, ಜಿಲ್ಲೆ ಪೂರ್ತಿ ಕೆಟ್ಟುಹೋಗಿದೆಯಾ?” ಅಶೋಕ್ ನಕ್ಕರು.

“ಅರಿಶಿನ ಬಿದ್ದಿದೆ ಸಾರ್. ನಾಳೆ ಶಾಲೆಗೆ ಬನ್ನಿ, ನಿಮ್ಮೆದುರಿಗೇ ನೀರು ಹಿಡಿದು ತೋರಿಸ್ತೀವಿ.”

“ನಾಳೆ ಮೀಟಿಂಗು. ಮುಂದಿನ ವರ್ಷ ನೋಡೋಣ. ನೀರು ಅಂಥಾದ್ದೇನೂ ಕೆಟ್ಟಿಲ್ಲ, ಸುಮ್ನೆ ಜನಕ್ಕೆ ಗಾಬರಿ ಹುಟ್ಟಿಸ್ಬೇಡಿ.”

ನೋಡೋಣ ಅನ್ನುವ ಮಾತು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತದೆ. ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಪ್ರೇಮಮ್ಮ ಸಣ್ಣ ಚೊಂಬು ಹಿಡಿದು ನಡುವೆ ಬಂದಳು.

“ತೀರ್ಥ ತಕ್ಕಳಿ ಸ್ವಾಮಿ. ಬರಿಗೈಲಿ ಓಗ್ಬಾರ್ದು.”

ಅಶೋಕ್ ಅಭ್ಯಾಸದಂತೆ ಬೂಟು ಕಳಚಿ ಬಲಗೈ ಒಡ್ಡಿದರು. ಬಾಯಿಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು.

“ಯಾವ ಮಡಕೇದಮ್ಮ ಇದು?”

“ನಮ್ ಸ್ಕೂಲ್ ಬೋರಿಂದು ಕನಾ ಸ್ವಾಮಿ.”

ಕೈ ಕೆಳಗಿಳಿಯಿತು. ಕಣ್ಣಿಗೊತ್ತಿಕೊಳ್ಳಲೂ ಇಲ್ಲ, ತಲೆಗೆ ಸವರಿಕೊಳ್ಳಲೂ ಇಲ್ಲ. ನೀರನ್ನು ಬೆರಳ ಸಂದಿಯಿಂದ ನೆಲಕ್ಕೆ ಬಿಟ್ಟು ಕರ್ಚೀಫು ತೆಗೆದರು. “ಗಂಟಲು ಸರಿಯಿಲ್ಲ,” ಅಂದರು.

ಈಗ ಸಿಕ್ಕಿದಿರಾ ಎಂದು ಬಾಯಿ ತೆರೆದವನು ಪ್ರೇಮಮ್ಮನ ಮುಖ ಕಂಡು ಪಕ್ಕಕ್ಕೆ ಸರಿದೆ. ನಾನೂ ರಂಜಿತ ಮೇಡಮ್ಮೂ ಎಷ್ಟು ಬಡಕೊಂಡರೂ ಗಂಗಮ್ಮ ಯಾರಿಗೂ ಕೆಟ್ಟದ್ದು ಮಾಡಲ್ಲ ಎಂದು ಸಾಧಿಸುತ್ತಿದ್ದವಳು, ನೆಲದ ಮೇಲೆ ಚೆಲ್ಲಿದ ನೀರನ್ನೇ ನೋಡುತ್ತಿದ್ದಳು.

“ದಿನಾ ನಾನು ಇದ್ರಲ್ಲೇ ಅನ್ನ ಬೇಯ್ಸೋದು ಸ್ವಾಮಿ,” ಅಂದಳು. “ನನ್ ಮೊಮ್ಮಗ್ಳಿಗೂ ಅದ್ನೇ ಬಡಿಸ್ತೀನಿ. ನೀವು ಒಂದ್ ಗುಟುಕು ಕುಡೀಲಿಲ್ಲ. ನಾಳೀಕೆ ಎಸರಿಗೆ ನಾನು ಯಾವ್ ನೀರ್ ಇಡ್ಲಿ, ನೀವೇ ಏಳಿ.”

ಅಶೋಕ್ ಕರ್ಚೀಫು ಮಡಿಸುತ್ತಾ ಬಾಗಿಲ ಕಡೆ ನೋಡಿದರು. ಪ್ರೇಮಮ್ಮ ದಾರಿ ಬಿಡಲಿಲ್ಲ.